ದೊಡ್ಡಾಸ್ಪತ್ರೆ ದೂರವಿರುವ ನಮ್ಮ ಜಿಲ್ಲೆಗೆ ರೋಗ ಹೇಳುವ ಎಐ ಆಪ್ ಮಾಡಿದರೆ ಉಪಯೋಗವಾಗುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಊರು ಉತ್ತರ ಕನ್ನಡದ ಸಿದ್ದಾಪುರದ ಕಡೆ, ಎಂಜಿನಿಯರಿಂಗ್ ಕೊನೆಯ ವರ್ಷ, ಲಕ್ಷಣ ಕೇಳಿ ರೋಗ ಹೇಳುವ ಆಪ್ ಮಾಡುವ ಆಸೆ. ಅದು ನಮ್ಮ ಜನಕ್ಕೆ ಉಪಯೋಗ ಆಗುತ್ತದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಶಿರಸಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ದಿನವಿಡೀ ಡಾಕ್ಟರು, ನರ್ಸು, ಲ್ಯಾಬಿನವರ ನಡುವೆ ಇರುವವನಾಗಿ ಹೇಳುತ್ತೇನೆ: ರೋಗ ಹೇಳುವ ಆಪ್ ಬೇಡ. ರೋಗ ಗುರುತಿಸಬಲ್ಲವರ ಕೈಗೆ ಮಾಹಿತಿ ಬೇಗ ತಲುಪಿಸುವ ಏನಾದರೂ ಮಾಡಿ.

ನಿಮ್ಮ ಆಸೆ ಹೊಸದಲ್ಲ. 1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಎಂಬ ಸರ್ಜನ್ ಮತ್ತು ಅವರ ಜೊತೆಗಾರರು ಹೊಟ್ಟೆನೋವಿಗೆ ಕಾರಣ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿದರು. 304 ರೋಗಿಗಳಲ್ಲಿ ಅದು ಶೇ 91.8ರಷ್ಟು ಸರಿ ಹೇಳಿತು. ಅಲ್ಲಿನ ಹಿರಿಯ ಡಾಕ್ಟರುಗಳದ್ದು ಶೇ 79.6. ಆದರೆ ಬೇರೆ ದೇಶದ ಆಸ್ಪತ್ರೆಗೆ ಒಯ್ದಾಗ ಫಲಿತಾಂಶ ಕುಸಿಯಿತು. ಪ್ರೋಗ್ರಾಂ ಕೆಟ್ಟದ್ದಾಗಿರಲಿಲ್ಲ. ಅದು ಲೀಡ್ಸ್‌ನ ರೋಗಿಗಳ ಲೆಕ್ಕದಿಂದ ಕಲಿತಿತ್ತು, ಇನ್ನೊಂದು ಊರಿನ ಹೊಟ್ಟೆನೋವು ಅದಕ್ಕೆ ಗೊತ್ತಿರಲಿಲ್ಲ.

ಈಗ ನಿಮ್ಮೂರಿನ ಜ್ವರದ ವಿಷಯಕ್ಕೆ ಬನ್ನಿ. ಜನವರಿ ತಿಂಗಳು. ದರಕು (ಒಣ ಎಲೆ) ಗುಡಿಸಿ ತರಲು ಸೊಪ್ಪಿನಬೆಟ್ಟಕ್ಕೆ ಹೋಗಿ ಬಂದ ಹೆಂಗಸಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು. ಸಿದ್ದಾಪುರದ ಡಾಕ್ಟರ್ ಮೊದಲು ಕೇಳುವುದೇ ‘ಬೆಟ್ಟಕ್ಕೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಸುತ್ತಮುತ್ತ ಎಲ್ಲಾದರೂ ಮಂಗ ಸತ್ತಿದೆಯಾ?’ ಅಂತ. ಉಣುಗು, ಅಂದರೆ ಉಣ್ಣೆ ಹುಳು, ಕಚ್ಚಿ ಹರಡುವ ಮಂಗನ ಕಾಯಿಲೆ ಇರಬಹುದಾ ಅಂತ ಅವರ ಅನುಮಾನ. ಅದು ಮೊದಲು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ಪಾಲಿಗೆ ಇದು ಒಂದು ಮೂಲೆಯ ರೋಗ. ಹೊರಗಿನ ಡೇಟಾದಲ್ಲಿ ಕಲಿತ ಆಪ್‌ಗೆ ಇದು ಸುಮ್ನೆ ವೈರಲ್ ಜ್ವರದ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಅದೇ ಜ್ವರ ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಬಂದರೆ ಇಲಿಜ್ವರದ ಬಗ್ಗೆ ಯೋಚಿಸಬೇಕು. ಅದಕ್ಕೆ ಆಂಟಿಬಯೋಟಿಕ್ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮಂಗನ ಕಾಯಿಲೆಗೆ ಅಂಥ ನೇರ ಔಷಧಿಯೇ ಇಲ್ಲ. ಬೇಗ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ನೋಡುತ್ತಾ, ರಕ್ತಸ್ರಾವ ಆಗುತ್ತದಾ ಅಂತ ಕಾಯುತ್ತಾ ರೋಗಿಯನ್ನು ಕಾಪಾಡಿಕೊಳ್ಳಬೇಕು.

ಹಾಗಾಗಿ ಈ ಮೂರು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯ ಮೊಬೈಲಿನಲ್ಲಿ ಕೇಳಿಸಿ, ಊರಿನ ಹೆಸರಿನ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ದಿನವೇ ಮುಟ್ಟಿಸಿದರೆ ಅದೇ ದೊಡ್ಡ ಪ್ರಾಜೆಕ್ಟ್. ರೋಗದ ಹೆಸರು ಡಾಕ್ಟರು ಹೇಳಲಿ.

ಇನ್ನು ಎದೆನೋವು. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಂಪ್ಯೂಟರ್ ನೇರವಾಗಿ ಜೀವ ಉಳಿಸುವುದನ್ನು ಇಲ್ಲಿ ಕಾಣಬಹುದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಕುಮಟಾ, ಹೊನ್ನಾವರದವರು ಮಣಿಪಾಲಕ್ಕೆ ಓಡುತ್ತಾರೆ, ಕಾರವಾರದವರು ಗೋವಾಕ್ಕೆ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಆ ದಾರಿಯ ಒಂದೊಂದು ನಿಮಿಷವೂ ಹೃದಯದ ಸ್ನಾಯುವನ್ನು ತಿನ್ನುತ್ತದೆ. ಆದರೆ ಇಸಿಜಿ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಅದು ಹೃದಯ ತಜ್ಞರ ಮೊಬೈಲಿಗೆ ಕೂಡಲೇ ತಲುಪಿ, ಹೃದಯಾಘಾತ ಹೌದು ಅಂತ ಅವರು ಹೇಳಿದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲೇ ಕೊಟ್ಟು ಕಳಿಸಬಹುದು.

ಇಸಿಜಿಯನ್ನು ದೂರಕ್ಕೆ ಕಳಿಸುವುದು 1905ರಷ್ಟು ಹಳೆಯದು. ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿ, ಆಸ್ಪತ್ರೆಯಲ್ಲಿದ್ದ ವ್ಯಕ್ತಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ತರಿಸಿ ದಾಖಲಿಸಿದರು. ನಮ್ಮ ಕಾಲದಲ್ಲಿ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲಿ ಓದಿ ಹೇಳುವ ವ್ಯವಸ್ಥೆ ಕಟ್ಟಿದರು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದ್ದು. ಅಲ್ಲಿ ಎಐ ಇಸಿಜಿ ನೋಡುತ್ತದೆ, ಇಂಜೆಕ್ಷನ್ ಉಚಿತ. ಎಐ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಪ್ರಶ್ನೆ ಒಂದೇ, ಉತ್ತರ ಬೇಗ ಬೇಕು, ಹಿಂದೆ ತಜ್ಞರು ಇದ್ದಾರೆ. ಆದರೂ ಇಂಜೆಕ್ಷನ್ ಸ್ಟಾಕ್ ಇಲ್ಲದಿದ್ದರೆ, ಕೊಡಲು ಧೈರ್ಯವಿರುವ ಡಾಕ್ಟರ್ ರಾತ್ರಿ ಡ್ಯೂಟಿಯಲ್ಲಿ ಇಲ್ಲದಿದ್ದರೆ ಎಷ್ಟು ಬೇಗ ಇಸಿಜಿ ಓದಿದರೂ ವ್ಯರ್ಥ. ಆ ದಿನ ಸ್ಟಾಕ್ ಎಲ್ಲಿದೆ ಅಂತ ತೋರಿಸುವ ಒಂದು ಪುಟ ಮಾಡಿಕೊಟ್ಟರೂ ಪುಣ್ಯದ ಕೆಲಸ.

ಯಾರ ಕಣ್ಣಿಗೂ ಬೀಳದ ಇನ್ನೊಂದು ತೊಂದರೆ ಇದೆ. ನಮ್ಮ ಕಡೆ ಗಣಪತಿ ಹೆಗಡೆ ಅಂತ ಹುಡುಕಿದರೆ ಪರದೆ ತುಂಬಾ ಗಣಪತಿ ಹೆಗಡೆಯವರೇ. ತಪ್ಪು ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಒಬ್ಬರ ಪೆನಿಸಿಲಿನ್ ಅಲರ್ಜಿ ಇನ್ನೊಬ್ಬರ ಫೈಲಿಗೆ ಹೋಗುತ್ತದೆ. ಪ್ರತಿಯೊಬ್ಬರ ಆರೋಗ್ಯ ದಾಖಲೆಗೆ ಗುರುತಾಗಿ ಕೊಡುವ 14 ಅಂಕಿಯ ಆಭಾ ಸಂಖ್ಯೆ ಇರುವುದು ಇದಕ್ಕೇ, ಆದರೆ ವಯಸ್ಸಾದವರು ಅದನ್ನು ತರುವುದಿಲ್ಲ. ತಂದೆಯ ಹೆಸರು, ಊರು, ಕೇರಿ, ಮನೆ, ಹುಟ್ಟಿದ ವರ್ಷ ಎಲ್ಲವನ್ನೂ ಒಟ್ಟಿಗೆ ತೋರಿಸಿ, ಕನ್ನಡದಲ್ಲಿ ಹೇಗೆ ಟೈಪ್ ಮಾಡಿದರೂ ಸಿಗುವಂಥ ಹುಡುಕಾಟ ನಮಗೆ ಬೇಕು. ಹೆಗಡೆ, ಹೆಗ್ಡೆ, ಹೆಗ್ಗಡೆ ಮೂರೂ ಬರೆಯುತ್ತಾರೆ, ಅಲ್ವಾ?

ಏನೇ ಮಾಡಿ, ನೆಟ್‌ವರ್ಕ್ ಇಲ್ಲದಾಗಲೂ ಅದು ನಡೆಯಬೇಕು. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಸಾಯುತ್ತದೆ. ಜೋಯಿಡಾದ ಒಳಗಂತೂ ಎಷ್ಟೋ ಕಡೆ ಸಿಗ್ನಲ್ಲೇ ಸಿಗುವುದಿಲ್ಲ. ಮೊದಲು ಫೋನಿನಲ್ಲೇ ಉಳಿಸಿ, ಸಿಗ್ನಲ್ ಬಂದಾಗ ಕಳಿಸುವಂತೆ ಬರೆಯಿರಿ.

ಕೋಡ್ ಶುರು ಮಾಡುವ ಮೊದಲು ಆಸ್ಪತ್ರೆಯ ಒಪ್ಪಿಗೆ ಪಡೆದು, ಓಪಿಡಿಯಲ್ಲಿ ಚೀಟಿ ಬರೆಯುವವರ ಪಕ್ಕ ಒಂದು ಸೋಮವಾರ ಬೆಳಿಗ್ಗೆ ಕುಳಿತುಕೊಳ್ಳಿ. ರೋಗಿಗಳ ಹೆಸರು, ಫೋಟೋ, ರಿಪೋರ್ಟ್ ಯಾವುದನ್ನೂ ನಿಮ್ಮ ಲ್ಯಾಪ್‌ಟಾಪಿಗೆ ತರಬೇಡಿ. ಪರೀಕ್ಷೆ ಮಾಡಲು ಸುಳ್ಳು ಹೆಸರಿನ ಡೇಟಾ ಸಾಕು.