ಹಳೇ ಸೈರನ್, ಹೊಸ ಪ್ಯಾನೆಲ್

ಪ್ರಶ್ನೆ: ನಮ್ಮ ಮನೆಯ ಕಳ್ಳರ ಅಲಾರಂನ ಕೀಪ್ಯಾಡ್ ಮಾತು ಕೇಳುತ್ತಿಲ್ಲ. ಹೊಸ ಪ್ಯಾನೆಲ್ ತಂದಿಟ್ಟಿದ್ದೇನೆ. ಹೊರಗೋಡೆಯ ಮೇಲಿರುವ ಸೈರನ್ ಡಬ್ಬಿ, ಅದರ ಮಿನುಗುವ ದೀಪ ಎರಡೂ ಚೆನ್ನಾಗಿವೆ. ಅದನ್ನೇ ಉಳಿಸಿಕೊಳ್ಳುವ ಆಸೆ. ಆದರೆ ಅದರಿಂದ ಆರು ವೈರ್ ಬಂದಿವೆ, ಹೊಸ ಪ್ಯಾನೆಲ್‌ನಲ್ಲಿ ಬೆಲ್ ಪ್ಲಸ್, ಬೆಲ್ ಮೈನಸ್ ಅಂತ ಎರಡೇ ಟರ್ಮಿನಲ್. ಹಳೇ ಪ್ಯಾನೆಲ್‌ನಿಂದ ಒಂದು ವೈರ್ ಬಿಚ್ಚಿದ್ದೇ ತಡ, ಸೈರನ್ ಬೊಬ್ಬೆ ಹೊಡೆಯಿತು. ಹೆದರಿ ಮತ್ತೆ ಸಿಕ್ಕಿಸಿಬಿಟ್ಟೆ. ಏನು ಮಾಡಲಿ?

ಉತ್ತರ: ಬೊಬ್ಬೆ ಹೊಡೆದದ್ದು ಒಳ್ಳೆಯದೇ ಆಯ್ತು. ನಿಮ್ಮದು ಯಾವ ಜಾತಿಯ ಸೈರನ್ ಅಂತ ಅದೇ ಹೇಳಿಬಿಟ್ಟಿದೆ. ಆ ಡಬ್ಬಿಯೊಳಗೆ ಪುಟ್ಟ ಬ್ಯಾಟರಿ ಇದೆ. ಪ್ಯಾನೆಲ್‌ನಿಂದ ಎರಡು ವೈರ್‌ನಲ್ಲಿ ಹಗಲೂ ರಾತ್ರಿ 12 ವೋಲ್ಟ್ ಹೋಗ್ತಾ ಇರುತ್ತೆ. ಅದು ಬರ್ತಾ ಇರುವವರೆಗೆ ಸೈರನ್ ಬಾಯಿ ಮುಚ್ಚಿಕೊಂಡಿರುತ್ತೆ. ಕಳ್ಳ ವೈರ್ ಕತ್ತರಿಸಿದರೆ ತನ್ನ ಬ್ಯಾಟರಿಯಿಂದಲೇ ಕೂಗುತ್ತೆ. ನೀವು ಮಾಡಿದ್ದೂ ಕಳ್ಳನ ಕೆಲಸವೇ ಅಲ್ವಾ!

ಹೊಸ ಪ್ಯಾನೆಲ್‌ನ ಬೆಲ್ ಟರ್ಮಿನಲ್‌ಗಳಿಗೆ ಸುಮ್ನೆ ಎರಡು ವೈರ್ ಸಿಕ್ಕಿಸಿದರೆ ಇದು ಕೆಲಸ ಮಾಡೋದಿಲ್ಲ. ಅಲ್ಲಿ ವೋಲ್ಟೇಜ್ ಬರೋದೇ ಅಲಾರಂ ಆದಾಗ. ಉಳಿದ ಹೊತ್ತೆಲ್ಲಾ ಡಬ್ಬಿ, ವೈರ್ ಕಟ್ ಆಗಿದೆ ಅಂದುಕೊಂಡು ಕೂಗ್ತಾ ಕೂರುತ್ತೆ.

ಮೊದಲು ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು. ಅದಕ್ಕೂ ಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಏಣಿ ಹಿಡಿಯಲು ಗಟ್ಟಿ ಆಳೊಬ್ಬ ಇರಲಿ. ಕೆಲಸ ಕಲಿಯುವ ಕಾಲದಲ್ಲಿ ನಾನು ಧೈರ್ಯವಾಗಿ ಏಣಿ ಹತ್ತಿ ಮುಚ್ಚಳ ಎತ್ತಿದೆ. ಒಂದು ಮೊಳ ದೂರದಲ್ಲಿ ಸೈರನ್ ಕಿರುಚಿತು. ಸ್ಕ್ರೂಡ್ರೈವರ್ ಕೈಜಾರಿ ಕೆಳಗಿದ್ದ ನೀರಿನ ಬಕೆಟ್‌ಗೆ ಬಿತ್ತು. ಏಣಿ ಹಿಡಿದಿದ್ದವನು ಕಿವಿ ಮುಚ್ಚಿಕೊಳ್ಳಲು ಎರಡೂ ಕೈ ಬಿಟ್ಟ! ಇಂಥ ಸೈರನ್‌ಗಳು ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್‌ಗಿಂತ ಜಾಸ್ತಿ ಕೂಗುತ್ತವೆ. ಬೀಳೋದು ಶಾಕ್‌ನಿಂದಲ್ಲ, ಬೆಚ್ಚಿಬೀಳೋದ್ರಿಂದ.

ಹಳೇ ಪ್ಯಾನೆಲ್‌ನ ಕರೆಂಟ್ ತೆಗೆದು, ಅದರ ಬ್ಯಾಟರಿ ಬಿಚ್ಚಿ. ಹೊರಗಿನ ಡಬ್ಬಿ ಕೂಗಲು ಶುರು ಮಾಡುತ್ತೆ, ಕೂಗಲಿ. ನೆರೆಯವರಿಗೆ ಮೊದಲೇ ಹೇಳಿಟ್ಟಿರಿ. ಮುಚ್ಚಳ ತೆಗೆದು ಒಳಗಿನ ಬ್ಯಾಟರಿಯ ಪ್ಲಗ್ ಎಳೆದರೆ ತಣ್ಣಗಾಗುತ್ತೆ. ಬ್ಯಾಟರಿ ಉಬ್ಬಿದ್ದರೆ, ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದರ ಕಥೆ ಮುಗೀತು. ಅದೇ ವೋಲ್ಟೇಜಿನ, ಅದೇ ಜಾತಿಯ ಹೊಸದು ಹಾಕಿ.

ಈಗ ಟರ್ಮಿನಲ್ ಪಕ್ಕ ಏನು ಅಚ್ಚಾಗಿದೆ ನೋಡಿ. ಆರು ವೈರ್ ಅಂದರೆ ಸಾಮಾನ್ಯವಾಗಿ ಪ್ಲಸ್, ಮೈನಸ್, ಸೈರನ್ ಟ್ರಿಗರ್ (ಕೂಗು ಅಂತ ಸೂಚನೆ ಕೊಡುವ ವೈರ್), ದೀಪದ ಟ್ರಿಗರ್, ಟ್ಯಾಂಪರ್‌ಗೆ (ಯಾರಾದರೂ ಮುಚ್ಚಳ ತೆಗೆದರೆ ತಿಳಿಸುವ ಸ್ವಿಚ್) ಎರಡು. ಕೆಂಪು ಅಂದ ಕೂಡಲೇ ಪ್ಲಸ್ ಅಂತ ನಂಬಬೇಡಿ. ಹಳದಿಯನ್ನು ಪ್ಲಸ್ ಮಾಡಿ, ಕೆಂಪನ್ನು ಟ್ಯಾಂಪರ್‌ಗೆ ಕೊಟ್ಟ ಮಹಾನುಭಾವರ ಕೆಲಸ ನೋಡಿದ್ದೇನೆ. ಫೋಟೋ ತೆಗೆದುಕೊಳ್ಳಿ. ಪ್ಯಾನೆಲ್ ತುದಿಯಲ್ಲಿ ಒಂದೊಂದು ವೈರಿಗೂ ಪೇಪರ್ ಟೇಪ್ ಸುತ್ತಿ ಹೆಸರು ಬರೆಯಿರಿ.

ಡಬ್ಬಿಯ ಪ್ಲಸ್, ಮೈನಸ್ ಹೊಸ ಪ್ಯಾನೆಲ್‌ನ ಆಕ್ಸ್ ಪ್ಲಸ್, ಆಕ್ಸ್ ಮೈನಸ್‌ಗೆ ಹೋಗಲಿ. ಅಲ್ಲಿ ಸದಾ 12 ವೋಲ್ಟ್ ಇರುತ್ತೆ, ಮೀಟರ್ 13.8ರ ಹತ್ತಿರ ತೋರಿಸಿದರೆ ಗಾಬರಿ ಬೇಡ, ಬ್ಯಾಟರಿ ಚಾರ್ಜ್ ಆಗುವ ಪ್ಯಾನೆಲ್‌ನಲ್ಲಿ ಅಷ್ಟು ಇರೋದೇ. ಆಕ್ಸ್ ಎಷ್ಟು ಮಿಲಿಆಂಪಿಯರ್ ಕೊಡಬಲ್ಲದು, ಡಬ್ಬಿ ಕೂಗುವಾಗ ಎಷ್ಟು ಎಳೆಯುತ್ತೆ ಅನ್ನೋದನ್ನು ಎರಡರ ಕೈಪಿಡಿಯಲ್ಲೂ ನೋಡಿ. ಸೆನ್ಸರ್‌ಗಳು ಕುಡಿಯೋದೂ ಅದೇ ಆಕ್ಸ್‌ನಿಂದ ಅನ್ನೋದು ಲೆಕ್ಕದಲ್ಲಿರಲಿ.

ತಲೆನೋವು ಇರೋದು ಟ್ರಿಗರ್‌ನಲ್ಲಿ. ಇಂಥ ಡಬ್ಬಿಗಳಲ್ಲಿ ಹೆಚ್ಚಿನವು ಟ್ರಿಗರ್ ವೈರಿಗೆ ಮೈನಸ್ ತಾಗಿದಾಗ ಕೂಗುತ್ತವೆ. ಕೆಲವು ಪ್ಲಸ್ ಕೇಳುತ್ತವೆ. ಪ್ಯಾನೆಲ್‌ಗಳಲ್ಲೂ ಎರಡು ಪಂಗಡ. ಕೆಲವದರಲ್ಲಿ ಬೆಲ್ ಪ್ಲಸ್ ಸದಾ ಜೀವಂತ, ಅಲಾರಂ ಆದಾಗ ಮೈನಸ್ ಬಂದು ಸೇರುತ್ತೆ. ಕೆಲವದರಲ್ಲಿ ಇದು ಉಲ್ಟಾ. ಈ ಜಗಳವೇ ಬೇಡ ಅಂತ ನಾನು ನಡುವೆ ಒಂದು 12 ವೋಲ್ಟ್ ರಿಲೇ, ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಬಂದಾಗ ತಾನೇ ಬದಲಾಗುವ ಸ್ವಿಚ್, ಹಾಕಿಬಿಡ್ತೀನಿ. ಅದರ ಕಾಯಿಲ್ ಬೆಲ್ ಪ್ಲಸ್, ಬೆಲ್ ಮೈನಸ್‌ಗೆ. ಕಾಂಟ್ಯಾಕ್ಟ್‌ನ ಕಾಮನ್ ಆಕ್ಸ್ ಮೈನಸ್‌ಗೆ. ಸಾಮಾನ್ಯವಾಗಿ ತೆರೆದಿರುವ ಕಾಂಟ್ಯಾಕ್ಟ್ ಡಬ್ಬಿಯ ಟ್ರಿಗರ್‌ಗೆ. ಡಬ್ಬಿ ಪ್ಲಸ್ ಕೇಳುವಂಥದ್ದಾದರೆ ಕಾಮನ್ ಅನ್ನು ಆಕ್ಸ್ ಪ್ಲಸ್‌ಗೆ ಬದಲಾಯಿಸಿ, ಅಷ್ಟೇ. ಕಾಯಿಲ್‌ನ ಎರಡು ತುದಿಗಳ ನಡುವೆ ಒಂದು 1ಎನ್4007 ಡಯೋಡ್ ಕೂರಿಸೋದು ಮರೀಬೇಡಿ. ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ರಿಲೇ ಬಿಡುವಾಗ ಕಾಯಿಲ್ ಹಿಂದಕ್ಕೆ ಒದೆಯುವ ವೋಲ್ಟೇಜ್ ಪ್ಯಾನೆಲ್‌ನ ಟ್ರಾನ್ಸಿಸ್ಟರ್ ಅನ್ನು ಸುಡದಂತೆ ಅದು ತಡೆಯುತ್ತೆ.

ದೀಪದ ಟ್ರಿಗರ್ ಅನ್ನು ಸೈರನ್ ಟ್ರಿಗರ್ ಜೊತೆಗೇ ಸೇರಿಸಬಹುದು. ಸೈರನ್ ನಿಂತ ಮೇಲೂ ದೀಪ ಮಿನುಗುತ್ತಿರಬೇಕು ಅಂದರೆ ಮಾತ್ರ ಪ್ಯಾನೆಲ್‌ನಲ್ಲಿ ಬೇರೆ ಔಟ್‌ಪುಟ್ ಬೇಕು.

ಟ್ಯಾಂಪರ್‌ನ ಎರಡು ವೈರ್ ಖಾಲಿ ಇರುವ ಒಂದು ಜೋನ್‌ಗೆ (ಪ್ಯಾನೆಲ್‌ನಲ್ಲಿ ಸೆನ್ಸರ್ ಸೇರಿಸುವ ಜಾಗ) ಹಾಕಿ, ಆ ಜೋನನ್ನು 24 ಗಂಟೆಯದಾಗಿ, ಅಂದರೆ ಅಲಾರಂ ಆಫ್ ಇದ್ದಾಗಲೂ ಕಾಯುವಂತೆ, ಪ್ರೋಗ್ರಾಂ ಮಾಡಿ. ವೈರ್ ಸರಿ ಇದೆಯಾ ಅಂತ ಪ್ಯಾನೆಲ್ ಅಳೆದು ನೋಡುವ ಜೋನ್‌ನ ರೆಸಿಸ್ಟರ್ ಡಬ್ಬಿಯ ಕಡೆ ಇರಬೇಕು. ಏಣಿ ಹತ್ತುವ ಸೋಮಾರಿತನಕ್ಕೆ ಅದನ್ನು ಪ್ಯಾನೆಲ್ ಒಳಗೇ ತಿರುಚಿ ಇಡುವವರೇ ಜಾಸ್ತಿ. ಹಾಗೆ ಇಟ್ಟರೆ ಯಾರಾದರೂ ಆ ಎರಡು ವೈರ್ ಶಾರ್ಟ್ ಮಾಡಿದರೂ ಪ್ಯಾನೆಲ್‌ಗೆ ಗೊತ್ತೇ ಆಗೋದಿಲ್ಲ.

ಒಳಗಿನ ಬ್ಯಾಟರಿಯ ಪ್ಲಗ್ ಮತ್ತೆ ಸಿಕ್ಕಿಸಿ, ಪರೀಕ್ಷೆ ಮಾಡುವಾಗ ಸೈರನ್‌ಗೆ ದಪ್ಪ ಟವೆಲ್ ಸುತ್ತಿ. ಅಲಾರಂ ಎಬ್ಬಿಸಿ ನೋಡಿ. ಆಮೇಲೆ ಆಕ್ಸ್ ಪ್ಲಸ್‌ನಿಂದ ಡಬ್ಬಿಯ ವೈರ್ ಎಳೆಯಿರಿ. ಮೊದಲ ಸಲ ನಿಮ್ಮನ್ನು ಹೆದರಿಸಿದ ಅದೇ ಬೊಬ್ಬೆ ಈಗಲೂ ಬರಬೇಕು. ಬರದಿದ್ದರೆ ಒಳಗಿನ ಬ್ಯಾಟರಿ ಸತ್ತಿರಬಹುದು.

ಪ್ರಶ್ನೆ: ನಮ್ಮದು ಎರಡೇ ವೈರಿನ ಸೈರನ್. ಹೊಸ ಪ್ಯಾನೆಲ್‌ಗೆ ಹಾಕಿದ ಮೇಲೆ ರಾತ್ರಿಯೆಲ್ಲಾ ಸಣ್ಣಗೆ ಕುಯ್ ಅನ್ನುತ್ತೆ. ಕಿವಿಗೊಟ್ಟರೆ ಮಾತ್ರ ಕೇಳುತ್ತೆ.

ಉತ್ತರ: ವೈರ್ ಕಟ್ ಆಗಿಲ್ಲ ತಾನೇ ಅಂತ ನೋಡಲು ಕೆಲವು ಪ್ಯಾನೆಲ್‌ಗಳು ಬೆಲ್ ಟರ್ಮಿನಲ್‌ನಿಂದ ಚೂರೇ ಚೂರು ಕರೆಂಟ್ ಬಿಡ್ತಾ ಇರುತ್ತವೆ. ನಿಮ್ಮ ಸೈರನ್‌ಗೆ ಕುಯ್ಗುಡಲು ಅಷ್ಟೇ ಸಾಕು. ಎರಡು ಟರ್ಮಿನಲ್ ನಡುವೆ ಒಂದು ರೆಸಿಸ್ಟರ್ ಹಾಕಿ. ಹಲವು ಪ್ಯಾನೆಲ್‌ಗಳಿಗೆ 1 ಕಿಲೋಓಮ್. ನಿಮ್ಮದಕ್ಕೆ ಎಷ್ಟು ಅಂತ ಕೈಪಿಡಿಯಲ್ಲಿ ಇರುತ್ತೆ.

ಪ್ರಶ್ನೆ: ಹಳೇ ಹಾರ್ನ್ ಅನ್ನು ಹೊಸ ಪ್ಯಾನೆಲ್‌ಗೆ ಕೊಟ್ಟೆ. ಅಲಾರಂ ಆದಾಗ ‘ಟಕ್’ ಅಂತ ಒಂದು ಸದ್ದು ಬಂದು ಸುಮ್ಮನಾಗುತ್ತೆ.

ಉತ್ತರ: ತಕ್ಷಣ ಬಿಚ್ಚಿ. ಅದು ಸೈರನ್ ಅಲ್ಲ, ಬರೀ ಸ್ಪೀಕರ್. ಕೂಗುವ ಸ್ವರ ಹುಟ್ಟುತ್ತಿದ್ದದ್ದು ನಿಮ್ಮ ಹಳೇ ಪ್ಯಾನೆಲ್ ಒಳಗೆ. ಮೀಟರನ್ನು ಓಮ್‌ಗೆ ತಿರುಗಿಸಿ ಹಾರ್ನ್‌ನ ಎರಡು ವೈರ್ ಮುಟ್ಟಿಸಿದರೆ 6 ಅಥವಾ 7 ತೋರಿಸುತ್ತೆ. 8 ಓಮ್ ಸ್ಪೀಕರ್ ಅಂದರೆ ಹಾಗೇ. ಅದಕ್ಕೆ ನೇರವಾಗಿ 12 ವೋಲ್ಟ್ ಡಿಸಿ ಕೊಟ್ಟರೆ ಒಳಗಿನ ಸುರುಳಿ ಕಾದು ಸುಟ್ಟುಹೋಗುತ್ತೆ. ಪ್ಯಾನೆಲ್‌ಗೂ ಹಾರ್ನ್‌ಗೂ ನಡುವೆ, ಆ ಸ್ವರ ಹುಟ್ಟಿಸುವ ಸೈರನ್ ಡ್ರೈವರ್ ಅನ್ನುವ ಪುಟ್ಟ ಬೋರ್ಡ್ ಹಾಕಿ. ಕೊಳ್ಳುವಾಗ 8 ಓಮ್ ಹಾರ್ನ್‌ಗೆ ಅಂತ ಹೇಳಿ ತನ್ನಿ.