ಆ ದೇಶದಲ್ಲಿ ನೆಲೆಸಿದರೆ ಭಾಷೆ ತಾನಾಗಿ ಬರುತ್ತದೆಯೇ?

ಪ್ರಶ್ನೆ: ಫ್ರೆಂಚ್ ಕಲಿಕೆಯಲ್ಲಿ ಎ2 ಹಂತ (ಯುರೋಪಿನ ಆರು ಹಂತಗಳ ಭಾಷಾ ಮಾಪನದಲ್ಲಿ ಎರಡನೆಯದು) ಮುಗಿಸಿದ್ದೇನೆ. ಓದಿದ್ದು ಅರ್ಥವಾಗುತ್ತದೆ, ಮಾತನಾಡಲು ಹೋದರೆ ತಡವರಿಸುತ್ತೇನೆ. ಸಾಲ ಮಾಡಿಯಾದರೂ ಫ್ರಾನ್ಸಿನಲ್ಲಿ ಒಂದು ಸೆಮಿಸ್ಟರ್ ಓದುವುದು ಸೂಕ್ತವೇ?

ಉತ್ತರ: ಹೋಗುವುದರಿಂದ ಲಾಭವಿದೆ, ಆದರೆ ಈಗಲೇ ಹೊರಡಬೇಡಿ. ವಿದೇಶದಲ್ಲಿ ಓದಿದ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಮಾತಿನ ಓಘ, ದಿನಬಳಕೆಯ ಪದಗಳು ಮತ್ತು ಯಾರೊಡನೆ ಹೇಗೆ ವರ್ತಿಸಬೇಕೆಂಬ ತಿಳಿವಳಿಕೆ ಅಲ್ಲಿ ಬೇಗ ಬೆಳೆಯುತ್ತವೆ. ವ್ಯಾಕರಣಶುದ್ಧಿ ಮಾತ್ರ ಅದೇ ವೇಗದಲ್ಲಿ ಸುಧಾರಿಸುವುದಿಲ್ಲ. ಫ್ರಾನ್ಸಿನ ಅಂಗಡಿಯೊಳಗೆ ಕಾಲಿಟ್ಟವರು ‘ಬೋಂಜೂರ್’ (ನಮಸ್ಕಾರ) ಎನ್ನದೆ ನೇರವಾಗಿ ಬೆಲೆ ಕೇಳಿದರೆ ಅದು ಒರಟುತನವೆನಿಸುತ್ತದೆ ಎಂಬುದನ್ನು ಪಠ್ಯಪುಸ್ತಕವೂ ಹೇಳೀತು, ಆದರೆ ಅದು ನಾಲಿಗೆಗೆ ಹತ್ತುವುದು ದಿನವೂ ಆ ಬಾಗಿಲು ದಾಟಿದವರಿಗೇ.

ಆದರೂ ಅಲ್ಲಿದ್ದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಫ್ರೆಂಚ್ ಕಲಿಯುತ್ತಿದ್ದ 28 ಅಮೆರಿಕನ್ ವಿದ್ಯಾರ್ಥಿಗಳನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ಗುಂಪುಗಳನ್ನು ಹೋಲಿಸಿತು: ತಮ್ಮ ಕಾಲೇಜಿನಲ್ಲೇ ಕಲಿತವರು, ಪ್ಯಾರಿಸ್ಸಿನಲ್ಲಿ ಒಂದು ಸೆಮಿಸ್ಟರ್ ಕಳೆದವರು, ಮತ್ತು ಸ್ವದೇಶದಲ್ಲೇ ಫ್ರೆಂಚನ್ನಷ್ಟೇ ಆಡಬೇಕೆಂಬ ಕಟ್ಟುಪಾಡಿನ ಬೇಸಿಗೆ ಶಿಬಿರ ಸೇರಿದವರು. ಮಾತಿನ ಸರಾಗತೆಯಲ್ಲಿ ಹೆಚ್ಚು ಮುಂದೆ ಹೋದವರು ಶಿಬಿರದವರು. ತರಗತಿಯ ಹೊರಗೆ ಅವರು ಫ್ರೆಂಚಿನಲ್ಲೇ ಬದುಕಿದ್ದರು. ಪ್ಯಾರಿಸ್ಸಿಗೆ ಹೋದವರು ಫ್ರೆಂಚ್‌ಗಿಂತ ಹೆಚ್ಚಾಗಿ ಇಂಗ್ಲಿಷ್ ಬಳಸಿದ್ದಾಗಿ ಹೇಳಿಕೊಂಡಿದ್ದರು. ಅಧ್ಯಯನ ಚಿಕ್ಕದು ನಿಜ, ಆದರೆ ಸ್ವದೇಶದ ಗೆಳೆಯರನ್ನೇ ಹುಡುಕಿಕೊಂಡು ಒಟ್ಟಾಗಿ ಓಡಾಡುವ ವಿದ್ಯಾರ್ಥಿಗಳನ್ನು ಕಂಡ ಯಾವ ಅಧ್ಯಾಪಕರಿಗೂ ಇದು ಅಚ್ಚರಿ ತರುವುದಿಲ್ಲ.

ಆದ್ದರಿಂದ ಮೊದಲು ಎ2ರ ಮುಂದಿನ ಬಿ1 ಹಂತವನ್ನು ಗಟ್ಟಿಮಾಡಿಕೊಳ್ಳಿ. ಎದುರಿನವರ ಮಾತು ಅರ್ಧದಷ್ಟೂ ತಿಳಿಯದಿದ್ದಾಗ ಅವರು ಸೌಜನ್ಯಕ್ಕಾಗಿ ಇಂಗ್ಲಿಷಿಗೆ ಹೊರಳುತ್ತಾರೆ, ನಿಮ್ಮ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ವಸತಿಯ ವಿಷಯದಲ್ಲಿ ಸ್ಥಳೀಯ ವಿದ್ಯಾರ್ಥಿಗಳೊಡನೆ ಮನೆ ಹಂಚಿಕೊಳ್ಳುವುದು ಒಳ್ಳೆಯದು. ಕುಟುಂಬದೊಡನೆ ಉಳಿಯುವ ವ್ಯವಸ್ಥೆಯನ್ನು ಹಲವರು ಹೊಗಳುತ್ತಾರಾದರೂ, ಊಟದ ಹೊತ್ತಿಗೆ ಟಿವಿ ಹಾಕಿ ಸುಮ್ಮನಿರುವ ಮನೆ ಸಿಕ್ಕರೆ ಅದರಿಂದ ಪ್ರಯೋಜನವಿಲ್ಲ. ಭಾಷಾ ತರಗತಿಯಲ್ಲದ ಗಾಯನ ತಂಡವನ್ನೋ ಆಟದ ಕ್ಲಬ್ಬನ್ನೋ ಮೊದಲ ವಾರವೇ ಸೇರಿಕೊಳ್ಳಿ, ಏಕೆಂದರೆ ಅಲ್ಲಿ ಯಾರೂ ನಿಮ್ಮನ್ನು ಕಲಿಯುವವರೆಂದು ಭಾವಿಸಿ ನಿಧಾನವಾಗಿ ಮಾತನಾಡುವುದಿಲ್ಲ.

ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನೀವು ಓದುತ್ತಿರುವ ವಿಶ್ವವಿದ್ಯಾಲಯಕ್ಕೆ ಅಲ್ಲಿನ ಸಂಸ್ಥೆಯೊಡನೆ ವಿನಿಮಯ ಒಪ್ಪಂದವಿದ್ದರೆ ಸಾಮಾನ್ಯವಾಗಿ ಅಲ್ಲಿ ಬೋಧನಾ ಶುಲ್ಕ ಕೊಡಬೇಕಿಲ್ಲ. ಅದನ್ನು ಮೊದಲು ವಿಚಾರಿಸಿ. ಆ ದಾರಿಯಿಲ್ಲದಿದ್ದರೆ ವಾರಕ್ಕೆ ಹಲವು ಗಂಟೆ ಫ್ರೆಂಚ್ ಭಾಷಿಕರೊಡನೆ ಆನ್‌ಲೈನ್ ಸಂಭಾಷಣೆ ಏರ್ಪಡಿಸಿಕೊಳ್ಳಿ. ನಿಮ್ಮ ತಡವರಿಕೆಗೆ ಸದ್ಯಕ್ಕೆ ಅದೇ ಅಗ್ಗದ ಔಷಧ.