ಡ್ಯಾನ್ಸ್ ಬರುತ್ತದೆ, ಕೊರಿಯೋಗ್ರಫಿ ಎಲ್ಲಿಂದ ಶುರು ಮಾಡಲಿ?

ಆರು ವರ್ಷ ಡ್ಯಾನ್ಸ್ ಕಲಿತಿದ್ದೀರಿ, ಈಗ 24 ವಯಸ್ಸು. ಕೊರಿಯೋಗ್ರಾಫರ್ ಆಗಲು ತಡವಾಯಿತಾ, ಡಿಗ್ರಿ ಬೇಕಾ ಅಂತ ಕೇಳಿದ್ದೀರಿ. ತಡ ಖಂಡಿತ ಆಗಿಲ್ಲ. ಅಮೆರಿಕದ ಹೆಸರಾಂತ ಕೊರಿಯೋಗ್ರಾಫರ್ ಮರ್ಸ್ ಕನಿಂಗ್‌ಹ್ಯಾಮ್ 1939ರಿಂದ 1945ರವರೆಗೆ ಇನ್ನೊಬ್ಬ ಹೆಸರಾಂತ ಕೊರಿಯೋಗ್ರಾಫರ್ ಮಾರ್ಥಾ ಗ್ರಹಾಂ ಅವರ ಡ್ಯಾನ್ಸ್ ತಂಡದಲ್ಲಿ ಕುಣಿದವರು. ಸ್ವಂತ ತಂಡ ಕಟ್ಟಿದ್ದು 1953ರಲ್ಲಿ, 34ನೇ ವಯಸ್ಸಿಗೆ.

ಆದರೆ ಚೆನ್ನಾಗಿ ಕುಣಿಯುವುದೇ ಬೇರೆ, ಬೇರೆಯವರನ್ನು ಕುಣಿಸುವುದೇ ಬೇರೆ. ನಾನು ಮೊದಲ ಸಲ ಎಂಟು ಜನರಿಗೆ ಹೇಳಿಕೊಟ್ಟಾಗ, ನನಗೆ ಸಲೀಸಾಗಿದ್ದ ಒಂದು ತಿರುವು ಮೂವರಿಗೆ ಬರಲೇ ಇಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಹೊಳೆಯಿತು: ಐದನೇ ಎಣಿಕೆಗೆ ಮೈಭಾರ ಎಡಗಾಲಿನ ಮೇಲೆ ಇರಬೇಕು ಅಂತ ನಾನು ಹೇಳಿಯೇ ಇರಲಿಲ್ಲ. ಅವತ್ತಿನಿಂದ ಪ್ರತಿ ಎಂಟು ಎಣಿಕೆಗೂ ಯಾವ ಕಾಲು, ಭಾರ ಎಲ್ಲಿ, ಮುಖ ಯಾವ ಕಡೆ ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ. ನೀವೂ ಇವತ್ತೇ ಶುರು ಮಾಡಿ.

ಅನುಭವ ಇರುವವರ ಹತ್ತಿರ ಅಸಿಸ್ಟೆಂಟ್ ಆಗಿ ಸೇರಿ. ರಿಹರ್ಸಲ್‌ನಲ್ಲಿ ಅವರು ಏನನ್ನು ಕೈಬಿಡುತ್ತಾರೆ ಅನ್ನುವುದನ್ನೇ ಜಾಸ್ತಿ ಗಮನಿಸಿ. ಜೊತೆಗೆ ಮೂರ್ನಾಲ್ಕು ಗೆಳೆಯರನ್ನು ಸೇರಿಸಿ ಎರಡು ನಿಮಿಷದ ಸ್ವಂತ ಡ್ಯಾನ್ಸ್ ತುಣುಕು ಮಾಡಿ, ವಿಡಿಯೋ ತೆಗೆಯಿರಿ. ಕ್ಯಾಮೆರಾ ಅಲುಗಾಡದೆ ನಿಂತಿರಲಿ, ಎಲ್ಲರ ಪಾದವೂ ಕಾಣಲಿ, ಮಧ್ಯೆ ಕಟ್ ಬೇಡ. ನೋಡುವವರಿಗೆ ನಿಮ್ಮ ರಚನೆ ಕಾಣಬೇಕು, ಎಡಿಟಿಂಗ್ ಅಲ್ಲ, ಅಲ್ವಾ?

ಡಿಗ್ರಿ, ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಮಾಡಿಕೊಳ್ಳಿ. ಉಳಿದ ಕಡೆ ಕೆಲಸ ನೋಡಿಯೇ ಕರೆಯುತ್ತಾರೆ. ಹಾಗೆ ಕರೆ ಬಂದಾಗ ಖುಷಿಯಲ್ಲಿ ಸುಮ್ನೆ ಒಪ್ಪಿಬಿಡಬೇಡಿ. ದುಡ್ಡೆಷ್ಟು, ರಿಹರ್ಸಲ್ ಎಷ್ಟು ದಿನ, ನಿಮ್ಮ ಹೆಸರು ಎಲ್ಲಿ ಹಾಕುತ್ತಾರೆ, ಮೂರನ್ನೂ ಮೊದಲೇ ಬರೆಸಿಕೊಳ್ಳಿ.